ಮಣ್ಣಿಗೆ ಹೋಗದ ರಿಜಿಸ್ಟರ್

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದದ್ದು ಅಂಟಿನ ವಾಸನೆ. ಅಮ್ಮ ಕಾಫಿಗೆ ನೀರಿಡುವುದಕ್ಕೂ ಮುಂಚೆ ಅಪ್ಪ ಅದೇ ಒಲೆಯ ಮುಂದೆ ನಿಂತು ಮೈದಾ ಕದಡಿ, ಹುಳ ಬಾರದಿರಲೆಂದು ಚಿಟಿಕೆ ಮೈಲುತುತ್ತ ಉದುರಿಸಿ, ಗಂಟಾಗದ ಹಾಗೆ ತಿರುವುತ್ತಿದ್ದರು. ವಿಷ ಬಿದ್ದ ಆ ಪಾತ್ರೆ ಎಲ್ಲಿ ತನ್ನ ದೋಸೆಹಿಟ್ಟಿನ ಪಾತ್ರೆಗಳ ಜೊತೆ ಬೆರೆತುಹೋಗುತ್ತದೋ ಎಂದು ಅಮ್ಮ ಅದರ ಕಿವಿಗೆ ಕೆಂಪು ದಾರ ಕಟ್ಟಿದ್ದಳು. ಮಲಯ ನಾಡಿನ ಪೆನಾಂಗಿನ ಹಳೆಯ ಪೇಟೆಯಲ್ಲಿದ್ದ ಆ ಮನೆ ರೈಲುಡಬ್ಬಿಯ ಹಾಗೆ ಉದ್ದ, ಅಗಲವಿಲ್ಲ. ರಸ್ತೆಯ ಕಡೆಗೆ ಅಪ್ಪನ ಬೈಂಡಿಂಗ್ ಅಂಗಡಿ, ಅದರ ಹಿಂದೆ ನಾವು ಮೂವರೂ ಮಲಗುವ ಕೋಣೆ, ಆಮೇಲೆ ಆಕಾಶಕ್ಕೆ ತೆರೆದುಕೊಂಡ ಸಣ್ಣ ಅಂಗಳ, ಕೊನೆಗೆ ಅಡುಗೆಮನೆ. ಅಪ್ಪ ಮದುವೆಗೆ ಮುಂಚೆ ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಹೊಲಿಗೆ, ರಟ್ಟು, ಚರ್ಮದ ಕೆಲಸ ಕಲಿತು ಹಡಗು ಹತ್ತಿ ಬಂದವರು. ಶಾಲೆಗಳ ಹಾಜರಿ ಪುಸ್ತಕ, ವಕೀಲರ ದಪ್ಪ ದಪ್ಪ ವಾಲ್ಯೂಮು, ನನ್ನ ಕಾನ್ವೆಂಟಿನ ಪ್ರಾರ್ಥನಾಗೀತೆಗಳ ಹಿಮ್ ಬುಕ್ಕುಗಳು, ಎಲ್ಲವೂ ಅವರ ಮರದ ಪ್ರೆಸ್ಸಿನ ಕೆಳಗೆ ಒಂದು ದಿನ ಮಲಗಿ ನೆಟ್ಟಗಾಗಿ ಎದ್ದು ಹೋಗುತ್ತಿದ್ದವು. ಹೊರಗೆ ಇಂಗ್ಲಿಷ್, ಮಲಯ, ತಮಿಳು, ಒಳಗೆ ಕನ್ನಡ. ಹೊಸ್ತಿಲು ದಾಟುವಾಗ ನನ್ನ ನಾಲಗೆಯೂ ಚಪ್ಪಲಿ ಬಿಡುತ್ತಿತ್ತು.

ಮಹಡಿ ಹನ್ನಾ ಆಂಟಿಯದು. ಇಡೀ ಮನೆಯೇ ಅವರದು. ಅವರು ಯೆಹೂದಿ. ಅವರ ಅಜ್ಜ ಬಾಗ್ದಾದಿನಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಪೆನಾಂಗಿಗೆ ಬಂದು ನೆಲೆಸಿದವರಂತೆ. ಒಂದು ಕಾಲಕ್ಕೆ ಆ ಬೀದಿಯಲ್ಲಿ ಅವರ ಜನರ ಮನೆಗಳು ಸಾಲಾಗಿ ಇದ್ದುವಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಕೆಲವರು ಸಿಂಗಾಪುರಕ್ಕೆ, ಕೆಲವರು ಆಸ್ಟ್ರೇಲಿಯಕ್ಕೆ ಹೋಗಿ, ಉಳಿದವರು ಸ್ಮಶಾನಕ್ಕೆ ಹೋಗಿ, ನಮ್ಮ ಬೀದಿಗೆ ಆಂಟಿ ಒಬ್ಬರೇ ಉಳಿದಿದ್ದರು. ಅವರ ಪ್ರಾರ್ಥನೆಗೆ ಹತ್ತು ಗಂಡಸರು ಕೂಡಲೇಬೇಕು. ಹತ್ತು ಜನ ಕೂಡದಂತಾದಾಗ ಪ್ರಾರ್ಥನಾಲಯದ ಬಾಗಿಲು ಮುಚ್ಚಿತು. ಅಲ್ಲಿನ ಪುಸ್ತಕ, ಹಬ್ಬದ ಅಚ್ಚಾದ ನೋಟೀಸು, ಮದುವೆಯ ಕರಾರು, ಎಲ್ಲ ಒಂದು ತಗಡಿನ ಟ್ರಂಕಿನಲ್ಲಿ ಆಂಟಿಯ ಮಹಡಿಗೆ ಬಂದವು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಸ್ತ್ರಿ ಮಾಡಿದ ಹತ್ತಿಯ ಗೌನು, ಸಪೂರ ಬಳೆ, ವೆರಿ ಪ್ರಾಪರ್ ಇಂಗ್ಲಿಷ್. ಅಮ್ಮನ ಜೊತೆ ಮಾತ್ರ ಸಂತೆಯ ಮಲಯ. ಅಮ್ಮನ ಮಲಯದಲ್ಲಿ ಮೀನು ತರಕಾರಿಗಳ ಹೆಸರು ಬಿಟ್ಟರೆ ಬಹಳವೇನೂ ಇರಲಿಲ್ಲ. ಇಬ್ಬರು ಹೆಂಗಸರಿಗೂ ಅಷ್ಟು ಸಾಕಾಗುತ್ತಿತ್ತು. ಆಂಟಿಯ ಎರಡು ಭಾಷೆಗಳೂ ಈಗ ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಕೇಳಿಸುತ್ತವೆ. ರೆಕ್ಕೆಯೂ ಹುರುಪೆಯೂ ಇಲ್ಲದ ಮೀನನ್ನು ಅವರು ಮುಟ್ಟುತ್ತಿರಲಿಲ್ಲ. ಅಮ್ಮ ಸಾರು ಮಾಡಿದ ದಿನ ಮೆಟ್ಟಿಲ ಬುಡದಲ್ಲಿ ಒಂದು ವಿಚಾರಣೆ ನಡೆಯುತ್ತಿತ್ತು.

"ಇದಕ್ಕೆ ಹುರುಪೆ ಇತ್ತಾ?"

"ಬಂಗುಡೆ ಅಮ್ಮಾ. ಇತ್ತು. ನಾನೇ ಕೆರೆದು ತೆಗ್ದದ್ದು."

"ಸಿಗಡಿ ಬೇಯಿಸಿದ ಪಾತ್ರೆ ಅಲ್ಲ ತಾನೆ?"

"ಅದು ಬೇರೆ. ಅದಕ್ಕೆ ಹಸುರು ದಾರ." ಆಮೇಲೆ ನನಗೆ ಮಾತ್ರ ಕೇಳುವ ಹಾಗೆ ಕನ್ನಡದಲ್ಲಿ, "ಅಂಟಿನದ್ದಕ್ಕೆ ಕೆಂಪು, ಸಿಗಡಿಯದ್ದಕ್ಕೆ ಹಸುರು. ಇನ್ನು ಸ್ವಲ್ಪ ದಿನ ಹೋದ್ರೆ ನನ್ನ ಅಡುಗೆಮನೆಯಿಂದ ಮದುವೆ ದಿಬ್ಬಣ ಹೊರಡ್ತದೆ."

ಕಟ್ಟುನಿಟ್ಟಾಗಿ ನೋಡಿದರೆ ನಮ್ಮ ಪಾತ್ರೆಯದೇನೂ ಅವರಿಗೆ ಸಲ್ಲುತ್ತಿರಲಿಲ್ಲ ಎಂದು ಈಗ ತಿಳಿದಿದೆ. ಆಂಟಿಯ ಒಂಟಿತನ ಅಷ್ಟು ಸಡಿಲ ಮಾಡಿಕೊಂಡಿತ್ತು. ಅವರ ಕಡೆಯಿಂದ ಕೆಳಗೆ ಬರುತ್ತಿದ್ದದ್ದು ಹಳದಿ ಮಾವಿನ ಉಪ್ಪಿನಕಾಯಿ. ಶನಿವಾರಗಳಲ್ಲಿ, ಹಿಂದಿನ ಸಂಜೆಯೇ ಹಚ್ಚಿಟ್ಟ ಸಣ್ಣ ಉರಿಯಲ್ಲಿ ರಾತ್ರಿಯಿಡೀ ಅನ್ನದ ಪಾತ್ರೆಯ ಮೇಲೆ ಕೂತು ಕಂದುಬಣ್ಣಕ್ಕೆ ತಿರುಗಿದ ಮೊಟ್ಟೆಗಳು. ಶುಕ್ರವಾರ ಸಂಜೆ ಗಾಜಿನ ಲೋಟಗಳಲ್ಲಿ ನೀರು, ನೀರಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ತೇಲುವ ಬತ್ತಿ ಹಚ್ಚುತ್ತಿದ್ದರು. ಅದನ್ನು ಅಂಗಳದಿಂದ ಕಂಡ ಅಮ್ಮನಿಗೆ ಆ ಮನೆತನದ ಮೇಲೆ ಪೂರ್ತಿ ನಂಬಿಕೆ ಬಂದಿತ್ತು. ಶನಿವಾರ ಅವರ ಧರ್ಮದಲ್ಲಿ ವಿಶ್ರಾಂತಿಯ ದಿನ, ಬೆಂಕಿ, ಸ್ವಿಚ್ಚು, ಪೆನ್ನು ಯಾವುದನ್ನೂ ಮುಟ್ಟುವಂತಿಲ್ಲ. ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. "ಏನು ಸೆಕೆ ಇವತ್ತು, ಅಲ್ವಾ ಡಾರ್ಲಿಂಗ್" ಎಂದು ಕಿಟಕಿಗೆ ಹೇಳುತ್ತಿದ್ದರು. ನಾನು ಎದ್ದು ಫ್ಯಾನ್ ಹಾಕುತ್ತಿದ್ದೆ. ಕಾನ್ವೆಂಟಿನಲ್ಲಿ ಹೇಳಿದ್ದನ್ನು ಮಾಡಿದರೆ ಗುಡ್ ಗರ್ಲ್. ಮಹಡಿಯಲ್ಲಿ ಹೇಳದೆ ಇದ್ದದ್ದನ್ನು ಮಾಡಿದರೆ ಗುಡ್ ಗರ್ಲ್.

ಮಧ್ಯಾಹ್ನಗಳಲ್ಲಿ ಆಂಟಿ ಟ್ರಂಕು ತೆರೆದು ಕಾಗದಗಳಿಗೆ ಗಾಳಿ ಆಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಅವರ ಅಕ್ಕಿ ಆರಿಸಿಕೊಡುತ್ತಿದ್ದೆ. ಅವರು ತಮ್ಮವರಲ್ಲಿ ತೀರಿಹೋದ ಹೆಂಗಸರ ಕಥೆ ಹೇಳುತ್ತಿದ್ದರು. ಖರ್ಜೂರದ ಪಾಕ ಕಾಯಿಸುತ್ತ ಸೌಟು ಹಿಡಿದೇ ನಿದ್ದೆ ಹೋಗುತ್ತಿದ್ದ ರಹ್ಮಾ. ಗಂಡನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟು ಬೆಕ್ಕಿನ ಮೂಲಕ ವ್ಯವಹಾರ ಮಾಡಿದ ಫರ್ಹಾ. ಒಂದು ದಿನ ಟ್ರಂಕಿನಿಂದ ಹಳೆಯ ಹಾಳೆಯೊಂದು ಜಾರಿ ನೆಲಕ್ಕೆ ಬಿತ್ತು. ಆಂಟಿ ಸೊಂಟ ಹಿಡಿದುಕೊಂಡೇ ಬಗ್ಗಿ, ಎತ್ತಿ, ಅದಕ್ಕೆ ಮುತ್ತಿಟ್ಟರು. ಕಾಲಿಗೆ ಪುಸ್ತಕ ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಥೇಟ್ ಹಾಗೆ. ಅದರ ತುಂಬ ಅವರ ಹೀಬ್ರೂ ಅಕ್ಷರ. ಅದರ ಬೆನ್ನಿಗೇ ಬಿದ್ದ ಇಂಗ್ಲಿಷ್ ನೋಟೀಸನ್ನು ಮಾತ್ರ ಸುಮ್ಮನೆ ಎತ್ತಿಟ್ಟರು. ನಾನು ಅದನ್ನು ಗಮನಿಸಿದೆ. ಗಮನಿಸುವುದರಲ್ಲಿ ನಾನು ಜಾಣೆ ಎಂದು ನನಗೆ ಆಗಲೇ ಗೊತ್ತಿತ್ತು; ಅದೇ ತೊಂದರೆಯಾಯಿತು.

ನನಗೆ ಒಂಬತ್ತು ನಡೆಯುವಾಗ ಆಂಟಿಯ ಎದೆನೋವು ಹೆಚ್ಚಾಯಿತು. ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದೆಂದರು, ಯಾವ ವಿಷಯಕ್ಕೂ ಅವರ ಮನಸ್ಸು ಕಲಕಬೇಡಿ ಎಂದೂ ಹೇಳಿ ಹೋದರು. ಒಂದು ಸಂಜೆ ಆಂಟಿ ಅಪ್ಪನನ್ನು ಮೇಲೆ ಕರೆಸಿದರು. ಅಪ್ಪನ ಹಿಂದೆ ನಾನೂ ಹೋದೆ.

"ಮಿಸ್ಟರ್ ವಾಸು, ನಾನು ಹೋದ ಮೇಲೆ ಈ ಮಹಡಿಗೆ ಯಾರು ಬರುತ್ತಾರೋ. ಮೂಲೆಯ ಕಡಲೆಯವನು ಈ ಹಾಳೆ ಹರಿದು ಪೊಟ್ಟಣ ಕಟ್ಟಿದರೆ? ದೇವರ ಹೆಸರಿನಲ್ಲಿ ಬಿಸಿ ಕಡಲೆ?"

"ಹಾಗಾಗ್ಲಿಕ್ಕೆ ನಾನು ಬಿಡುದಿಲ್ಲ ಮೇಡಂ."

"ದೇವರ ಹೆಸರಿರುವ ಕಾಗದ ಹಳತಾದರೆ ನಾವು ಸುಡುವುದಿಲ್ಲ, ಎಸೆಯುವುದಿಲ್ಲ. ಮನುಷ್ಯರನ್ನು ಹೂಳುವ ಹಾಗೆ ಹೂಳುತ್ತೇವೆ. ಹೂಳಲು ನಮ್ಮವರು ಯಾರೂ ಉಳಿದಿಲ್ಲ. ನೀವು ಹೂಳಿ. ಜಾಗ ನಾನು ಹೇಳುತ್ತೇನೆ. ಟ್ರಂಕಿನಲ್ಲಿ ಇರುವುದೆಲ್ಲ. ಮಾತು ಕೊಡಿ."

ಅಪ್ಪ ಮಾತು ಕೊಟ್ಟರು.

ಚೀನೀ ಅಂಗಡಿಯಿಂದ ಉಪ್ಪುಮೊಟ್ಟೆ ಬರುತ್ತಿದ್ದ ಎರಡು ದೊಡ್ಡ ಭರಣಿಗಳನ್ನು ಅಮ್ಮ ಬೂದಿ ಹಾಕಿ ತಿಕ್ಕಿ, ಅಂಗಳದ ಬಿಸಿಲಿನಲ್ಲಿ ಒಣಗಿಸಿದಳು. ಅಪ್ಪ ಅಂಗಡಿಯ ನೆಲಕ್ಕೆ ಚಾಪೆ ಹಾಸಿ ಟ್ರಂಕು ಖಾಲಿ ಮಾಡತೊಡಗಿದರು. ಬೆನ್ನು ಹರಿದ ಪ್ರಾರ್ಥನೆ ಪುಸ್ತಕಗಳು ಒಂದೊಂದಾಗಿ ಭರಣಿಗೆ ಇಳಿದವು. ಎಲ್ಲಕ್ಕೂ ಕೆಳಗೆ ಪ್ರಾರ್ಥನಾಲಯದ ಒಂದು ದಪ್ಪ ರಿಜಿಸ್ಟರ್ ಇತ್ತು. ಅರ್ಧ ಚರ್ಮದ ಬೈಂಡು, ಗಟ್ಟಿ ಹೊಲಿಗೆ; ಅಪ್ಪ ಅದರ ಬೆನ್ನನ್ನು ಹೆಬ್ಬೆರಳಿನಿಂದ ಸವರಿದ ರೀತಿಯಲ್ಲೇ ಅಮ್ಮನಿಗೆ ಅಪಾಯ ಕಾಣಿಸಿರಬೇಕು. ಎಡದಿಂದ ತೆರೆದರೆ ಇಂಗ್ಲಿಷ್ ಬರಹ. ತಿರುಗಿಸಿ ಇನ್ನೊಂದು ಕಡೆಯಿಂದ ತೆರೆದರೆ ಬಲದಿಂದ ಎಡಕ್ಕೆ ಓಡುವ ಹೀಬ್ರೂ. ಎರಡು ಬಾಗಿಲಿನ ಪುಸ್ತಕ. ನಡುವೆ ಒಂದೇ ಒಂದು ಹಾಳೆಯಲ್ಲಿ ಎರಡೂ ಬರಹ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಅಪ್ಪ ಇಂಗ್ಲಿಷಿನ ಕಡೆ ಬೆರಳಿಟ್ಟು ನಿಧಾನವಾಗಿ ಓದಿದರು. ಇಂಥ ವ್ಯಾಪಾರಿಯ ಮಗ ಹುಟ್ಟಿದ್ದು. ಇಂಥವರಿಗೂ ಇಂಥವರ ಮಗಳಿಗೂ ಮದುವೆ. ಇಂಥವರ ಹೆಣ್ಣುಮಗು, ಮೂರು ದಿನ ಬದುಕಿತು.

"ಇದು ಪ್ರಾರ್ಥನೆ ಪುಸ್ತಕ ಅಲ್ಲ ಮಾರಾಯ್ತಿ. ಇದನ್ನು ಹೂಳಿದ್ರೆ ಈ ಊರಲ್ಲಿ ಇವರು ಇದ್ದರು ಅನ್ನುದಕ್ಕೆ ಎಂತ ಉಳೀತದೆ?"

"ಸಮಾಧಿ ಕಲ್ಲು ಉಂಟಲ್ಲ."

"ಮೂರು ದಿನದ ಮಗುವಿಗೆ ಯಾರು ಕಲ್ಲು ನಿಲ್ಲಿಸ್ತಾರೆ?"

"ನೀವು ಮಾತು ಕೊಟ್ಟದ್ದು ಎಲ್ಲ ಹೂಳ್ತೇನೆ ಅಂತ. ಮುಳುಗಿಸ್ಲಿಕ್ಕೆ ಹೊತ್ತುಕೊಂಡು ಹೋದ ಗಣಪತಿಯನ್ನು, ಚಂದ ಉಂಟು ಅಂತ ಅರ್ಧ ದಾರಿಯಿಂದ ಯಾರಾದ್ರೂ ವಾಪಸ್ ತರ್ತಾರಾ?"

"ನಾನು ಬೈಂಡರ್. ಪುಸ್ತಕ ಹೂಳುವ ಕೈ ಅಲ್ಲ ಇದು."

"ಹಾಗಾದ್ರೆ ಮೇಲೆ ಹೋಗಿ ಅದನ್ನೇ ಹೇಳಿ. ಅಲ್ಲಿ ಬಾಯಿ ಬರ್ಲಿಲ್ಲ, ಇಲ್ಲಿ ನನ್ನ ಹತ್ರ ದೊಡ್ಡ ಭಾಷಣ!"

ಅಪ್ಪ ಮೇಲೆ ಹೋಗಲಿಲ್ಲ. ಡಾಕ್ಟರ ಮಾತು ಇತ್ತು, ನಿಜ; ಅದು ನೆಪವೂ ಆಯಿತು. ಅವರು ನನ್ನ ಕಡೆ ತಿರುಗಿದರು.

"ಲೀಲೂ, ನೀನು ಕಾನ್ವೆಂಟಿಗೆ ಹೋಗುವವಳು. ದಿನಾ ಆಂಟಿ ಹತ್ರ ಕೂತುಕೊಳ್ತಿ. ಇದರಲ್ಲಿ ದೇವರದ್ದು ಯಾವುದು, ಮನುಷ್ಯರದ್ದು ಯಾವುದು, ನೀನು ಹೇಳು."

ಅಲ್ಲಿಯವರೆಗೆ ನನ್ನನ್ನು ಯಾರೂ ಅಷ್ಟು ಮರ್ಯಾದೆಯಿಂದ ಏನನ್ನೂ ಕೇಳಿರಲಿಲ್ಲ. ಎಲಕ್ಯೂಷನ್ ಸ್ಪರ್ಧೆಯಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತು ಹೇಳಿದೆ.

"ಈ ಅಕ್ಷರ ಎಲ್ಲ ದೇವರದ್ದು ಅಪ್ಪ. ಇದಕ್ಕೆ ಆಂಟಿ ಮುತ್ತು ಕೊಡ್ತಾರೆ. ಇಂಗ್ಲಿಷಿಗೆ ಕೊಡುದಿಲ್ಲ."

ಅಪ್ಪನ ಮುಖ ಅರಳಿದ್ದು ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ದೇವರ ಪಾಲು ದೇವರಿಗೆ, ಮನುಷ್ಯರ ಪಾಲು ಮನುಷ್ಯರಿಗೆ. ಮಾತೂ ಉಳಿಯಿತು, ಪುಸ್ತಕವೂ ಉಳಿಯಿತು! ಅವರು ಬೈಂಡು ಬಿಚ್ಚಿದರು. ಹೊಲಿಗೆಯ ದಾರವನ್ನು ಸಣ್ಣ ಚಾಕುವಿನಿಂದ ಒಂದೊಂದಾಗಿ ಕಡಿದು, ಹೀಬ್ರೂ ಕಡೆಯ ಹಾಳೆಗಳ ಮಡಿಕೆಗಳನ್ನು ಪೂರ್ತಿ ಬೇರೆ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಪ್ರಾರ್ಥನೆ ಪುಸ್ತಕಗಳ ಮೇಲೆ ಇಟ್ಟರು. ನಡುವಿನ ಆ ಒಂದು ಹಾಳೆಯನ್ನು ಮಾತ್ರ ಏನು ಮಾಡುವುದೆಂದು ತಿಳಿಯದೆ, ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದು, ಕೊನೆಗೆ ಇಂಗ್ಲಿಷಿನ ಜೊತೆ ಸೇರಿಸಿ ಹೊಲಿದರು. ಭರಣಿಗಳ ಬಾಯಿಗೆ ಮೇಣ ಸುರಿದರು. ಭಾನುವಾರ ಬೆಳಿಗ್ಗೆ ಅಪ್ಪನೂ ನಾನೂ ಕೈಗಾಡಿಯಲ್ಲಿ ಅವನ್ನು ಆಂಟಿ ಹೇಳಿದ ಹಾಗೆ ಅವರ ಜನರ ಸ್ಮಶಾನಕ್ಕೆ ಒಯ್ದೆವು. ಅಪ್ಪನೇ ಅಗೆದರು. ಯಾವ ಮಂತ್ರ ಹೇಳಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತ ಒಂದು ಪ್ರೇಯರ್ ಹೇಳಿದೆ, ಅದರಲ್ಲಿ ಯೇಸುವಿನ ಹೆಸರು ಬಂದ ಕಡೆ ನುಂಗಿಕೊಂಡೆ.

ಮುಂದಿನ ಶನಿವಾರ ನಾನು ಫ್ಯಾನ್ ಹಾಕಲು ಮೇಲೆ ಹೋದೆ. ಆಂಟಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು.

"ಎಲ್ಲ ಆಯ್ತಾ, ಡಾರ್ಲಿಂಗ್?"

"ಆಯ್ತು ಆಂಟಿ."

"ದೊಡ್ಡ ಪುಸ್ತಕ? ಚರ್ಮದ್ದು?"

ಅಪ್ಪ ನನಗೆ ಏನೂ ಹೇಳಿಕೊಟ್ಟಿರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಅಪ್ಪನ ಮೇಲೆ ಹಾಕಿ ಪಾರಾಗುವುದು ಬಹಳ ಸುಲಭ. ಆ ಕ್ಷಣಕ್ಕೆ ನನಗೆ ತೋಚಿದ್ದು, ಕಾಯಿಲೆಯವರಿಗೆ ಸಮಾಧಾನವಾಗುವ ಉತ್ತರ ಕೊಡಬೇಕು ಎಂದಷ್ಟೇ.

"ಅದೂ ಆಯ್ತು ಆಂಟಿ. ಎಲ್ಲಾ. ಒಂದು ಹಾಳೆ ಕೂಡ ಉಳಿದಿಲ್ಲ."

"ಗುಡ್," ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದರು. ಸಂತೋಷಕ್ಕೆ ಅಳುತ್ತಾರೆ ಎಂದುಕೊಂಡು ನಾನು ಫ್ಯಾನಿನ ವೇಗ ಒಂದು ಗುರುತು ಹೆಚ್ಚಿಸಿ ಕೆಳಗೆ ಬಂದೆ.

ತಿಂಗಳೊಳಗೆ ಅವರು ತೀರಿಕೊಂಡರು. ನಮ್ಮ ಕ್ಲಾಸಿನ ಕ್ಯಾಥೊಲಿಕ್ ಹುಡುಗಿಯರು ಸುಳ್ಳು ಹೇಳಿದರೆ ಕನ್ಫೆಶನ್‌ಗೆ ಹೋಗಿ ಹಗುರಾಗಿ ಬರುತ್ತಿದ್ದರು. ನಮ್ಮಂಥ ಹಿಂದೂ ಹುಡುಗಿಯರಿಗೆ ಆ ಹೊತ್ತಿನಲ್ಲಿ ನೀಡಲ್‌ವರ್ಕ್. ನಾನು ಕರವಸ್ತ್ರಗಳಿಗೆ ಅಂಚು ಹೊಲಿದೆ. ಮನೆ ಬೇರೆಯವರ ಕೈಗೆ ಹೋಯಿತು, ನಾವು ಬೇರೆ ಬೀದಿಗೆ ಹೋದೆವು. ಅಷ್ಟು ಜಗಳ ಮಾಡಿದ ಅಮ್ಮನೇ ಮುಂದೆ ಪ್ರತಿ ವರ್ಷ ನವರಾತ್ರಿಯಲ್ಲಿ ಸರಸ್ವತಿಯ ಮುಂದೆ ನನ್ನ ಶಾಲೆಯ ಪುಸ್ತಕಗಳ ಕೆಳಗೆ ಆ ರಿಜಿಸ್ಟರನ್ನೂ ಇಟ್ಟು ಅರಿಸಿನ ಕುಂಕುಮ ಹಚ್ಚುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಮನೆಗೆ ಬಂದ ಮೇಲೆ ಅದೂ ಒಂದು ಜೀವ, ಅಲ್ವಾ" ಎಂದಳು. ಅಪ್ಪ ಕೊನೆಗಾಲದಲ್ಲಿ, ಮಾತು ಕಡಿಮೆಯಾದ ಮೇಲೆ, ಅದನ್ನು ನನ್ನ ಕೈಗೆ ಕೊಟ್ಟು, "ನಾವು ಅರ್ಧವಾದ್ರೂ ಉಳಿಸಿದೆವು" ಎಂದರು. ನನ್ನ ಮದುವೆ, ನನ್ನ ಟೀಚರ್ ಕೆಲಸ, ಮಗಳ ಓದು, ಗಂಡನ ಸಾವು, ಎಲ್ಲದರ ಹಿಂದೆ ಯಾವುದೋ ಒಂದು ಕಪಾಟಿನ ಮೇಲುಹಲಗೆಯಲ್ಲಿ ಅದು ಇತ್ತು. ಸುಳ್ಳು ಒಂದಕ್ಕೆ ಬದಲಾಗಿ ಇಷ್ಟು ಹೆಸರುಗಳು ಉಳಿದವಲ್ಲ ಎಂದು ನಾನು ಲೆಕ್ಕ ಸರಿಮಾಡಿಕೊಂಡಿದ್ದೆ.

ಈಗ ಪೆನಾಂಗಿನಿಂದ ದೂರದ ಪುಚೊಂಗಿನಲ್ಲಿ, ಈ ಕಾಂಡೊ ಫ್ಲ್ಯಾಟಿನಲ್ಲಿ ನಾನೊಬ್ಬಳೇ ಇರುವುದು. ಮಗಳು ವೀಣಾ ಬಾಂಗ್ಸಾರಿನಿಂದ ಭಾನುವಾರ ಬರುತ್ತಾಳೆ, ಕೆಳಗಿನ ಮಾಮಾಕ್ ಹೋಟೆಲಿನಿಂದ ರೊಟಿ ಚನಾಯ್ ತಪಾವ್ ಮಾಡಿಸಿಕೊಂಡು, ಅಂದರೆ ಪೊಟ್ಟಣ ಕಟ್ಟಿಸಿಕೊಂಡು. ನನ್ನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನನ್ನ ನಂತರ ಈ ಪುಸ್ತಕ ಎಲ್ಲಿಗೆ ಎಂಬ ಯೋಚನೆ ಹತ್ತಿ, ಹಳೆಯ ಕಾಗದಪತ್ರ ಕೂಡಿಡುವ ಒಂದು ಗ್ರಂಥಾಲಯಕ್ಕೆ ಅವಳಿಂದಲೇ ಫೋನ್ ಮಾಡಿಸಿದೆ. ಅಲ್ಲಿಂದ ಮಿಸ್ ಲಿಮ್ ಎಂಬ ಹುಡುಗಿ ಬಂದಳು. ಹುಡುಗಿ ಎಂದರೆ ನಲವತ್ತರ ಮೇಲಿನವಳು. ನನ್ನ ವಯಸ್ಸಿಗೆ ಎಲ್ಲರೂ ಹುಡುಗಿಯರೇ. ಕೈಗವಸು ಹಾಕುತ್ತಾಳೆ ಎಂದುಕೊಂಡಿದ್ದೆ. ಇಲ್ಲ, ಸೋಪಿನಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಪುಸ್ತಕವನ್ನು ಬೆನ್ನಿನಿಂದ ಹಿಡಿದು ಎತ್ತಿಕೊಂಡಳು. ಅಪ್ಪ ಇದ್ದಿದ್ದರೆ ಆಗಲೇ ಅವಳನ್ನು ಒಪ್ಪುತ್ತಿದ್ದರು. ರಟ್ಟಿನ ಮೇಲಿನ ಹಳದಿ ಕಲೆ ಏನು ಎಂದು ಕೇಳಿದಳು, ಅರಿಸಿನ ಎಂದೆ. ಅದನ್ನೂ ಬರೆದುಕೊಂಡಳು. ಉಳಿದರ್ಧವನ್ನು ಮೇಣ ಹಾಕಿದ ಭರಣಿಯಲ್ಲಿ ಹೂತದ್ದನ್ನೂ ಹೇಳಿದೆ. ಊಟದ ಮೇಜಿನ ಮೇಲೆ ಒಂದೊಂದೇ ಪುಟದ ಫೋಟೊ ತೆಗೆದು, ಆ ಒಂದು ಹೀಬ್ರೂ ಪುಟವನ್ನು ಪರದೇಶದಲ್ಲಿ ಓದಬಲ್ಲವರಿಗೆ ಕಳಿಸುತ್ತೇನೆಂದು ಹೇಳಿ ಹೋದಳು. ಎರಡನೆಯ ಸಲ ಬಂದದ್ದು ಒಂದು ಭಾನುವಾರ. ವೀಣಾ ಕೂಡ ಇದ್ದಳು.

"ಆಂಟಿ, ಓದಿಸಿದೆ," ಎಂದಳು ಮಿಸ್ ಲಿಮ್, ಇಲ್ಲಿಯವರೆಲ್ಲರ ಹಾಗೆ ಮಾತಿನ ಕೊನೆಗೆ 'ಲಾ' ಹಚ್ಚುವ ತನ್ನ ಮೃದುವಾದ ಇಂಗ್ಲಿಷಿನಲ್ಲಿ. "ಅದು ಪ್ರಾರ್ಥನೆ ಅಲ್ಲ. ದೇವರ ಹೆಸರು ಎಲ್ಲೂ ಇಲ್ಲ. ಆ ಅಕ್ಷರದಲ್ಲಿ ಇದ್ದ ಮಾತ್ರಕ್ಕೆ ಹೂಳಬೇಕು ಅಂತಿಲ್ಲವಂತೆ, ದೇವರ ಹೆಸರು ಇದ್ದರೆ ಮಾತ್ರ."

"ಮತ್ತೆ ಅದರಲ್ಲಿ ಏನಿತ್ತು?"

"ಹೆಸರುಗಳು. ಈ ಇಂಗ್ಲಿಷ್ ಕಡೆ ನೋಡಿ, 'ಇಂಥವರ ಹೆಣ್ಣುಮಗು' ಅಂತ ಅಷ್ಟೇ. ಅದೇ ಮಗು ಹೀಬ್ರೂ ಕಡೆ ಹೆಸರಿನ ಜೊತೆ ಇದೆ. ತಾಯಿಯ ಹೆಸರು, ಸೂಲಗಿತ್ತಿಯ ಹೆಸರು ಕೂಡ. ಸರಕಾರಕ್ಕೆ ಬೇಕಾದ್ದು ಇಂಗ್ಲಿಷಿನಲ್ಲಿ, ತಮಗೆ ಬೇಕಾದ್ದು ಈ ಕಡೆ ಬರೆದುಕೊಂಡಿದ್ದಾರೆ ಲಾ."

ಹಾಗಾದರೆ ಹೂತ ಹಾಳೆಗಳಲ್ಲಿದ್ದದ್ದೂ ಇಂಥ ಹೆಸರುಗಳೇ. ಹೆಂಗಸರನ್ನೆಲ್ಲ ನಾನು ಮಣ್ಣಿಗೆ ಕಳಿಸಿದ್ದೆ. ಅವತ್ತು ಫ್ಯಾನಿನ ಕೆಳಗೆ ನಿಂತು ನಿಜ ಹೇಳಿದ್ದರೆ, 'ಆಂಟಿ, ಅರ್ಧ ಉಳಿಸಿದ್ದೇವೆ' ಎಂದು ಇಷ್ಟು ಅಂದಿದ್ದರೆ, ಅವರು ಬಯ್ಯುತ್ತಿದ್ದರೋ, ಎದ್ದು ಕೂತು 'ಉಳಿದರ್ಧವನ್ನೂ ಅಗೆದು ತನ್ನಿ' ಎನ್ನುತ್ತಿದ್ದರೋ. ಆ ಅಳು ಯಾವುದರದು ಎಂದು ತಿಳಿಯುವ ದಾರಿಯನ್ನು ನಾನೇ ಮುಚ್ಚಿದೆ. ಮಿಸ್ ಲಿಮ್ ಹೊಸ ಹಾಳೆ ತೆಗೆದು, ನೆನಪಿರುವ ಹೆಸರುಗಳನ್ನಾದರೂ ಹೇಳಿ ಎಂದಳು. ರಹ್ಮಾ, ಫರ್ಹಾ ಎಂದೆ. ಹಬೀಬಾ. ಬೆಕ್ಕಿನ ವಿಷಯವನ್ನೂ ಹೇಳಿದೆ. ಆಮೇಲೆ ನಿಂತುಹೋಯಿತು. ಹಾಳೆಯ ಬಹುಭಾಗ ಖಾಲಿ ಇತ್ತು.

"ಮಣ್ಣಿನಲ್ಲಿ ಮೇಣ ಹಾಕಿದ ಭರಣಿ ಅಂದಿರಿ," ಮಿಸ್ ಲಿಮ್ ತಡೆದು ತಡೆದು ಕೇಳಿದಳು, "ಕೆಲವು ಸಲ ಉಳಿದಿರುತ್ತದೆ. ಎಲ್ಲಿ ಅಂತ..."

"ಅಮ್ಮ ವಾಸ್ ಓನ್ಲಿ ನೈನ್," ವೀಣಾ ನನ್ನ ಭುಜದ ಮೇಲೆ ಕೈಯಿಟ್ಟಳು. "ಅವಳಿಗೆ ಎಲ್ಲಿ ನೆನಪಿರುತ್ತೆ ಲಾ."

ಮಗಳು ಪ್ರೀತಿಯಿಂದ ನನ್ನ ಬಾಯಿಗೆ ಇಟ್ಟ ಉತ್ತರ ಅದು. ತಲೆಯಾಡಿಸಿದ್ದರೆ ಸಾಕಿತ್ತು, ಎಲ್ಲರಿಗೂ ಸಮಾಧಾನ.

"ನೆನಪುಂಟು," ಎಂದೆ. "ಹೆಜ್ಜೆ ಎಣಿಸಿ ಹೇಳುವಷ್ಟು ನೆನಪುಂಟು. ಆದರೆ ಹೇಳುವುದಿಲ್ಲ."

"ಆಂಟಿ, ನಿಮ್ಮ ನಂತರ ಯಾರಿಗೂ ಗೊತ್ತಿರುವುದಿಲ್ಲ. ಆ ಹೆಂಗಸರ ಹೆಸರುಗಳು..."

"ಆ ಹಾಳೆಗಳ ಕೆಳಗೆ, ಅದೇ ಭರಣಿಯಲ್ಲಿ, ಪ್ರಾರ್ಥನೆ ಪುಸ್ತಕಗಳಿವೆ, ಮೈ ಡಿಯರ್. ಅವನ್ನು ಹೂಳುತ್ತೇವೆಂದು ಮಾತು ಕೊಟ್ಟಿದ್ದೆವು. ಒಂದನ್ನು ಎತ್ತಲು ಇನ್ನೊಂದನ್ನು ಎತ್ತಬೇಕು. ಯಾವುದು ದೇವರದ್ದು, ಯಾವುದು ಮನುಷ್ಯರದ್ದು ಎಂದು ನಾವೇ ಬೇರೆ ಮಾಡಲು ಕೂತದ್ದರ ಫಲ ಈ ಮೇಜಿನ ಮೇಲೆ ಇದೆ. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ."

ಅವಳಿಗೆ ಒಪ್ಪಿಗೆಯಾಗಲಿಲ್ಲ. ಮುಖದಲ್ಲೇ ಕಾಣುತ್ತಿತ್ತು, ಅವಳ ಕೆಲಸದಲ್ಲಿ ಅದು ಒಪ್ಪತಕ್ಕದ್ದೂ ಅಲ್ಲ. ಆದರೂ ಮತ್ತೆ ಕೇಳದೆ ಫಾರಂ ನನ್ನ ಮುಂದೆ ಇಟ್ಟಳು. ಪುಸ್ತಕ ಹೇಗೆ ಬಂತು ಎಂಬಲ್ಲಿ 'ಗಿಫ್ಟ್' ಎಂದಷ್ಟೇ ಬರೆದು ಬಿಡು, ಅಮ್ಮಾ, ಯಾರು ಓದುತ್ತಾರೆ ಎಂದಳು ವೀಣಾ. ನಾನು ಅದನ್ನು ಬಿಟ್ಟು ನಡೆದದ್ದನ್ನು ಬರೆದೆ: ಹೂಳಲು ಕೊಟ್ಟದ್ದನ್ನು ಅರ್ಧ ಇಟ್ಟುಕೊಂಡೆವು, ಪೂರ್ತಿ ಹೂಳಿದೆವೆಂದು ಸುಳ್ಳು ಹೇಳಿದ ಮಗು ನಾನು. ಜಾಗ ಸಾಲದೆ ಹಾಳೆಯ ಅಂಚಿಗೂ ಅಕ್ಷರ ಹೋಯಿತು. ಕೆಳಗೆ, ಉಳಿದ ಭಾಗ ಎಲ್ಲಿದೆ ಎಂಬ ಸಾಲಿನಲ್ಲಿ, ಮಿಸ್ ಲಿಮ್ ಗ್ರಂಥಾಲಯದಿಂದಲೇ 'ತಿಳಿದಿಲ್ಲ' ಎಂದು ಟೈಪ್ ಮಾಡಿಸಿಕೊಂಡು ಬಂದಿದ್ದಳು. ಅದನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ 'ಕೊಟ್ಟವಳಿಗೆ ತಿಳಿದಿದೆ, ಹೇಳಿಲ್ಲ' ಎಂದು ಬರೆದು, ಸಿಸ್ಟರುಗಳು ಕಲಿಸಿದ ದುಂಡು ಅಕ್ಷರದಲ್ಲಿ ಪೂರ್ತಿ ಹೆಸರು ಸಹಿ ಮಾಡಿ, ಪೆನ್ನು ಮುಚ್ಚಿ ಕೊಟ್ಟೆ.